ತಾರಸಿಯ ಅಡೇನಿಯಂ

ತಾರಸಿಯ ಕುಂಡದಲ್ಲಿದ್ದ ಅಡೇನಿಯಂ ಹೂಗಿಡ, ದಿವಾಕರನ ತೀರಿಕೊಂಡ ಮೊದಲ ಹೆಂಡತಿ ನೆಟ್ಟದ್ದು. ಅವಳ ತಾಯಿ ಈಗಲೂ ಅದೇ ಮನೆಯಲ್ಲಿದ್ದರು.

"ಇದಕ್ಕೆ ಬಿಸಿಲು ಸಾಕು. ನೀರು ಹೆಚ್ಚಾದರೆ ಬುಡ ಕೊಳೆಯುತ್ತೆ. ನೀನು ಮುಟ್ಟಬೇಡ," ಎಂದು ಎರಡನೆಯ ಹೆಂಡತಿಯಾಗಿ ಬಂದ ವಾರಿಜೆಗೆ ಅವನು ಮೊದಲ ದಿನವೇ ಹೇಳಿದ್ದ. ಅವಳು ಮುಟ್ಟಲಿಲ್ಲ. ಸಂಜೆಯಾದರೆ ಅವನು ಆ ಗಿಡದ ಪಕ್ಕದಲ್ಲೇ ಕೂರುತ್ತಿದ್ದ. ಇವಳೊಡನೆ ಎರಡು ಮಾತೂ ಇಲ್ಲ.

ಒಂದು ಬೆಳಿಗ್ಗೆ ಗಿಡ ವಾಲಿತ್ತು. ಬುಡ ಒತ್ತಿ ನೋಡಿದರೆ ಅವನ ಬೆರಳು ಒಳಗೇ ಇಳಿಯಿತು.

"ನೀರು ಸುರಿದವರು ಯಾರು?"

"ನಾನಲ್ಲ," ಎಂದಳು ವಾರಿಜೆ.

"ನಿನ್ನನ್ನು ಬಿಟ್ಟು ಇನ್ಯಾರಿಗೆ ಅವಳ ಮೇಲೆ ಹೊಟ್ಟೆಕಿಚ್ಚು?"

ಮೆಟ್ಟಿಲ ಬಳಿ ನಿಂತಿದ್ದ ದಿವಾಕರನ ಅತ್ತೆ ಸೆರಗಿಗೆ ಕೈ ಒರೆಸಿಕೊಂಡರು.

"ದಿನಾ ಸುರಿದದ್ದು ನಾನು, ಅಳಿಯಂದಿರೇ. ಸತ್ತವಳು ನನ್ನ ಮಗಳು. ಇವಳಿನ್ನೂ ಬದುಕಿದ್ದಾಳೆ."