ಸಾಂಬ್ರಾದಲ್ಲಿ ಇಳಿದ ಮೊಮ್ಮಗಳು

“ಇದರಾಗ ನಿಮ್ಮ ಹೆಸರಿಲ್ಲರಿ,” ಎಂದಳು ಸಾಂಬ್ರಾ ವಿಮಾನ ನಿಲ್ದಾಣದಲ್ಲಿ ವಿಮಾನ ಕಂಪನಿಯ ಶೋಭಾ, ಕೈಯಲ್ಲಿದ್ದ ಕಾಗದ ನೋಡಿ. “ಹುಡುಗಿನ್ನ ಕರಕೊಂಡು ಹೋಗಾವರು ಮುರಿಗೆಪ್ಪ ಅಂತ ಐತಿ. ಅವರನ್ನ ಬಿಟ್ಟು ಬ್ಯಾರೆಯವರ ಕೈಯಾಗ ಕೊಡಾಕ ಬರೂದಿಲ್ಲರಿ.”

“ಗೊತ್ತೈತೆವ್ವಾ. ನಾನ ಹಂಗ ಬರಸೇನಿ,” ಎಂದಳು ಶಿವವ್ವ. “ನಮ್ಮ ಯಜಮಾನ್ರು ಅವರು. ಹೊರಗ ಗಾಡಿಯಾಗ ಕುಂತಾರ. ಕರಕೊಂಡ ಬರ್ತೀನಿ.”

“ಲಗೂ ಬರ್ರಿ. ಯಾರೂ ಬರಲಿಲ್ಲಂದ್ರ ಅವರಪ್ಪಗ ತಿಳಿಸಿ, ಇದ ವಿಮಾನದಾಗ ಹೊಳ್ಳಿ ಕಳಸಬೇಕಾಗ್ತೈತಿ.”

ಗಾಜಿನ ಆಚೆ ಏಳು ವರ್ಷದ ಶಿವಾನಿ ಕೊರಳಿಗೆ ಕಾರ್ಡು ಹಾಕಿಕೊಂಡು ಕುರ್ಚಿಯ ಮೇಲೆ ಕಾಲಾಡಿಸುತ್ತ ಕೂತಿದ್ದಳು. ಹೈದರಾಬಾದಿನಿಂದ ಒಬ್ಬಳೇ ಬಂದಿದ್ದಳು. ಗುಟ್ಟಾಗಿ ಮಾಡುತ್ತಿದ್ದ ವಿಡಿಯೊ ಕರೆಯಲ್ಲಷ್ಟೇ ಅಜ್ಜಿಯನ್ನು ನೋಡಿದ್ದರೂ ಗುರುತು ಹಿಡಿದು ಕೈ ಬೀಸಿದಳು. ಶಿವವ್ವನೂ ಕೈ ಬೀಸಿ, ಸೆರಗನ್ನು ಸೊಂಟಕ್ಕೆ ಸಿಗಿಸಿಕೊಂಡು ಹೊರಗೆ ನಡೆದಳು.

ಮಗಳು ರಾಜೇಶ್ವರಿ ಕುರುಬರ ಮಾಳುವನ್ನು ಮದುವೆಯಾಗಿ ಹೋದ ದಿನದಿಂದ ಮುರಿಗೆಪ್ಪ ಅವಳೊಂದಿಗೆ ಮಾತು ಬಿಟ್ಟಿದ್ದ. ಕೊಣ್ಣೂರಿನ ಆ ಮನೆಯಲ್ಲಿ ಅವಳ ಹೆಸರು ಎತ್ತುವಂತಿರಲಿಲ್ಲ. ಈಗ ರಾಜೇಶ್ವರಿಗೆ ಎರಡನೆಯ ಬಸಿರು ಕಷ್ಟವಾಗಿತ್ತು. ಹಾಸಿಗೆ ಬಿಟ್ಟು ಏಳಕೂಡದೆಂದು ಡಾಕ್ಟರು ಆಸ್ಪತ್ರೆಗೆ ಸೇರಿಸಿಕೊಂಡಿದ್ದರು. ಮಾಳುವಿನ ಅಪ್ಪ ಅವ್ವ ಕುರಿಹಿಂಡಿನ ಜೊತೆ ಊರೂರು ಅಲೆಯುತ್ತಿದ್ದರು. ಶಿವಾನಿಯನ್ನು ನೋಡಿಕೊಳ್ಳಲು ಬೇರೆ ದಾರಿ ಕಾಣದೆ ಅವನು ಮಾವನಿಗೆ ಫೋನ್ ಮಾಡಿದ. ದನಿ ಕೇಳಿದೊಡನೆ ಮುರಿಗೆಪ್ಪ ಫೋನ್ ಇಟ್ಟುಬಿಟ್ಟ.

ಶಿವವ್ವ ದನದ ಕೊಟ್ಟಿಗೆಗೆ ಹೋಗಿ ತಾನೇ ಅಳಿಯನಿಗೆ ಫೋನ್ ಹಚ್ಚಿದಳು. “ಕೂಸಿನ್ನ ಕಳಸು. ಕರಕೊಳ್ಳಾವ್ರ ಹೆಸರು ಕೇಳಿದ್ರ ನಿಮ್ಮ ಮಾವಂದು ಹಾಕು.”

“ಅವರು ಬರ್ತಾರನ್ರಿ ಅತ್ತಿ?”

“ಅದನ್ನ ನನಗ ಬಿಡು.”

ಬೆಳಿಗ್ಗೆ ಗಂಡನಿಗೆ ಇಷ್ಟೇ ಹೇಳಿದ್ದಳು: ಮೊಮ್ಮಗಳು ಬರುತ್ತಾಳೆ, ಗಾಡಿ ತೆಗೆಯದಿದ್ದರೆ ಗೋಕಾಕಕ್ಕೆ ಹೋಗಿ ಬಸ್ಸು ಹಿಡಿಯುತ್ತೇನೆ. ಊರವರ ಬಾಯಿಗೆ ಹೆದರಿ ಮುರಿಗೆಪ್ಪ ಗಾಡಿ ತೆಗೆದಿದ್ದ. “ನಾ ಕೆಳಗ ಇಳ್ಯಾಂವಲ್ಲ” ಎಂದು ದಾರಿಯುದ್ದಕ್ಕೂ ಹೇಳಿದ್ದ.

“ಇಳೀರಿ,” ಎಂದಳು ಶಿವವ್ವ, ಗಾಡಿಯ ಬಾಗಿಲು ತೆರೆದು. “ನಿಮ್ಮ ಹೆಸರಿಗೆ ಬಂದಾಳ. ನೀವ ಹೋಗಿ ಬಿಡಿಸ್ಕೋಬೇಕು.”

ಮುರಿಗೆಪ್ಪನ ಮುಖ ಕೆಂಪಾಯಿತು. “ಯಾರನ್ನ ಕೇಳಿ ಬರಸೀದಿ?”

“ಕೇಳಿದ್ರ ಹೂಂ ಅಂತಿದ್ರೇನ?”

“ಅವ್ನಿಗೆ ಫೋನ್ ಹಚ್ಚು. ನಿನ್ನ ಹೆಸರ ಹಾಕ್ಸು.”

“ಹಚ್ಚೂದಿಲ್ಲರಿ.” ಶಿವವ್ವ ದನಿ ಏರಿಸಲಿಲ್ಲ. “ಇಷ್ಟ ವರ್ಷ ನೀವು ಹೇಳಿದಂಗ ಬಾಯಿ ಮುಚ್ಚಿಕೊಂಡಿದ್ದೆ. ಮಗಳ ಬಾಣಂತನಾ ಮಾಡಲಿಲ್ಲ, ಕೂಸಿನ ತೊಟ್ಟಲಾ ಕಟ್ಟಲಿಲ್ಲ. ಈಗ ನನ್ನ ಹೆಸರ ಮ್ಯಾಲ ಕರಕೊಂಡ ಹೋದ್ರ ಅಕಿ ನಮ್ಮ ಮನ್ಯಾಗ ಕದ್ದು ಇಟ್ಟಂಗ ಇರಬೇಕಾಗ್ತೈತಿ. ನೀವು ಮಕಾ ತಿರುವಿದಾಗೊಮ್ಮೆ ಆ ಕೂಸು ಮೂಲಿ ಹಿಡದು ನಿಂದರಬೇಕು. ಅದು ಬ್ಯಾಡ. ಬಂದ್ರ ನಿಮ್ಮ ಕೈ ಹಿಡಕೊಂಡು ಬರಲಿ. ಇಲ್ಲಾ, ಹೊಳ್ಳಿ ಹೋಗಲಿ.”

“ಹೋಗಲಿ ಬಿಡು.”

“ಹಂಗಾದ್ರ ನಾನೂ ಹೋಗ್ತೀನಿ.”

ಹಿಂದಿನ ಸೀಟಿನಿಂದ ಅವಳು ಒಂದು ಚೀಲ ಇಳಿಸಿದಳು. ಅದರಲ್ಲಿ ಎರಡು ಸೀರೆ, ಮಗಳಿಗೆಂದು ಕಟ್ಟಿಸಿದ್ದ ಕರದಂಟು, ಜೋಳದ ರೊಟ್ಟಿಯ ಗಂಟು. ಮುರಿಗೆಪ್ಪ ಈವರೆಗೆ ಆ ಚೀಲವನ್ನು ಗಮನಿಸಿಯೇ ಇರಲಿಲ್ಲ.

“ಬಸ್ಸಿಗಾದ್ರೂ ಹೈದರಾಬಾದ ಮುಟ್ತೀನಿ. ಮಗಳು ಹಾಸಿಗಿ ಬಿಟ್ಟು ಏಳುತನಾ ಬರೂದಿಲ್ಲ. ಆಕಳ ಹಾಲು ನೀವ ಹಿಂಡ್ಕೋರಿ.”

ಹಿಂತಿರುಗಿ ನೋಡದೆ ನಡೆದಳು. ಚೀಲದ ಭಾರಕ್ಕೆ ಒಂದು ಭುಜ ಜಗ್ಗಿತ್ತು. ಮೂವತ್ತೈದು ವರ್ಷದ ಸಂಸಾರದಲ್ಲಿ ಅವಳು ಒಮ್ಮೆಯೂ ಸುಮ್ಮನೆ ಹೆದರಿಸಿದವಳಲ್ಲ ಎಂಬುದು ಮುರಿಗೆಪ್ಪನಿಗೆ ಗೊತ್ತಿತ್ತು. ಸ್ಟೇರಿಂಗ್ ಬದಿಯ ಕೀಲಿ ಕಿತ್ತುಕೊಂಡ. ಆಮೇಲೆ ಗಾಡಿಯ ಬಾಗಿಲು ಧಡ್ಡನೆ ಮುಚ್ಚಿದ ಸದ್ದು ಶಿವವ್ವನಿಗೆ ಕೇಳಿಸಿತು. ಅವಳು ನಿಲ್ಲಲಿಲ್ಲ. ಹೆಜ್ಜೆ ಮಾತ್ರ ಸ್ವಲ್ಪ ನಿಧಾನ ಮಾಡಿದಳು.

ಒಳಗೆ ಶೋಭಾ ಮುರಿಗೆಪ್ಪನ ಆಧಾರ್ ಕಾರ್ಡನ್ನೂ ಅವನ ಮುಖವನ್ನೂ ನೋಡಿದಳು. “ಹುಡುಗಿ ನಿಮಗ ಏನಾಗ್ಬೇಕ್ರಿ?”

ಮುರಿಗೆಪ್ಪ ಹೆಂಡತಿಯ ಕಡೆ ನೋಡಿದ. ಶಿವವ್ವ ಬೇರೆಲ್ಲೋ ನೋಡುತ್ತಿದ್ದಳು. ಆ ಉತ್ತರವನ್ನು ಅವನ ಪರವಾಗಿ ಹೇಳುವ ಮನಸ್ಸು ಅವಳಿಗಿರಲಿಲ್ಲ. ಮುದುಕರಿಗೆ ಕೇಳಿಸಲಿಲ್ಲವೇನೋ ಎಂದುಕೊಂಡು ಶೋಭಾ ಜೋರಾಗಿ ಕೇಳಿದಳು, “ಅಜ್ಜಾರ, ಈ ಹುಡುಗಿ ನಿಮಗೇನಾಗ್ಬೇಕು?” ಸುತ್ತ ನಿಂತವರು ತಿರುಗಿ ನೋಡಿದರು.

“ಮೊಮ್ಮಗಳು,” ಎಂದ. “ರಾಜೇಶ್ವರಿ ಅಂತ ನನ್ನ ಮಗಳು. ಅಕಿ ಮಗಳು.”

ಸಹಿ ಹಾಕಿಸಿಕೊಂಡು ಶೋಭಾ ಮಗುವನ್ನು ಕರೆತಂದಳು. ಎತ್ತಿಕೊಳ್ಳಬೇಕೆಂದು ಚಾಚಿದ ಕೈಗಳನ್ನು ಶಿವವ್ವ ಹಿಂದಕ್ಕೆ ಎಳೆದುಕೊಂಡಳು. ಶಿವಾನಿ ಬಂದು ಮುರಿಗೆಪ್ಪನ ಮುಂದೆ ನಿಂತು, ಕತ್ತೆತ್ತಿ ಅವನನ್ನೇ ನೋಡಿದಳು. ಅವನಿಗೆ ಏನು ಮಾಡಬೇಕೋ ತಿಳಿಯಲಿಲ್ಲ. ಅವಳ ಬೆನ್ನಿನ ಬ್ಯಾಗನ್ನು ಬಿಚ್ಚಿ ತನ್ನ ಹೆಗಲಿಗೆ ಹಾಕಿಕೊಂಡ.

“ಹಸಿವಾಗೈತೇನವ್ವಾ?”

ಮಗುವಿನ ಕಣ್ಣುಗಳು ಅಗಲವಾದವು. ಅಜ್ಜಿಯ ಸೆರಗು ಜಗ್ಗಿ ಅವಳು ಕೂಗಿಯೇ ಹೇಳಿದಳು:

“ಆಯಿ, ಅಜ್ಜಾಗ ಮಾತ ಬರ್ತಾವ! ಅಜ್ಜ ಮಾತಾಡೂದಿಲ್ಲ ಅಂತ ಮಮ್ಮಿ ಹೇಳಿದ್ಲು. ನಾ ಅಜ್ಜ ಮೂಕ ಅಂತ ತಿಳಕೊಂಡಿದ್ದೆ.”