ಆಪ್ಷನ್ ಇಲ್ಲದ ಪ್ರಶ್ನೆ

"ಏಳನೇ ಕ್ಲಾಸು ಮುಗೀತಾ ಬಂತು ಮೇಡಂ, ನನ್ನ ಮಗಳು ಈ ವರ್ಷ ಒಂದು ಪುಟ ಅಂತ ಬರೆದಿಲ್ಲ," ಎಂದ ಲಿಫ್ಟ್ ಮೆಕ್ಯಾನಿಕ್. ಪೋಷಕರ ಸಭೆ. ಮಕ್ಕಳ ಬೆಂಚಿನಲ್ಲಿ ಮೊಣಕಾಲು ಗದ್ದಕ್ಕೆ ತಾಗುವ ಹಾಗೆ ಮುದುಡಿ ಕೂತಿದ್ದ. "ಎ, ಬಿ, ಸಿ, ಡಿ ಅಂತ ನೀವೇ ಉತ್ತರ ಕೊಡ್ತೀರಿ, ಅವಳು ಒಂದಕ್ಕೆ ಟಿಕ್ ಹಾಕ್ತಾಳೆ. ಸ್ವಂತವಾಗಿ ಬರೆಯೋದನ್ನ ಕಲಿಸೋದು ಯಾವಾಗ?"

ಟೀಚರ್ ಕೆಟ್ಟವರೇನಲ್ಲ, ಸುಸ್ತಾದವರು. "ಪರೀಕ್ಷೇಲಿ ಇರೋದೇ ಟಿಕ್ಕು ಸಾರ್, ತಿದ್ದೋದು ಮಷೀನು. ಇಷ್ಟು ಮಕ್ಕಳೂ ಪುಟಗಟ್ಟಲೆ ಬರೆದ್ರೆ ನಾನೊಬ್ಬಳು ಎಷ್ಟು ಅಂತ ಓದ್ಲಿ? ಹೋಗ್ಲಿ, ನೀವು ಕೆಲಸದಲ್ಲಿ ಏನು ಬರೀತೀರಿ ಹೇಳಿ."

ಮೆಕ್ಯಾನಿಕ್ ಪೆಚ್ಚಾದ. ಬಾಗಿಲು ಸರಿ, ಬ್ರೇಕು ಸರಿ, ದೀಪ ಸರಿ ಅಂತ ಅವನೂ ಬೆಳಗಿಂದ ಸಂಜೆವರೆಗೆ ಹಾಕುವುದು ಅದನ್ನೇ. "ಟಿಕ್ಕು," ಎಂದ. ಸುತ್ತ ಇದ್ದ ಅಪ್ಪ ಅಮ್ಮಂದಿರು ಗೊಳ್ಳೆಂದು ನಕ್ಕರು. ಪಾಪ, ಅವನೂ ನಕ್ಕ.

ಆದರೆ ಅವನ ಸಂಕಟ ನಕ್ಕು ಹಾರಿಸುವಂಥದ್ದಾಗಿರಲಿಲ್ಲ. ಅವನು ಬಾಯಿ ತೆರೆದರೆ ಮುಚ್ಚದ ಗಿರಾಕಿ. ಮಗಳೋ, ಏನು ಕೇಳಿದರೂ 'ಹೂಂ' ಇಲ್ಲವೇ 'ಊಹೂಂ'. ಮಾತೂ ಆಡುವುದಿಲ್ಲ, ಬರೆಯುವುದನ್ನೂ ಕಲಿಯಲಿಲ್ಲ ಎಂದರೆ ಈ ಹುಡುಗಿಯ ಮನಸ್ಸಿನಲ್ಲಿ ಏನಿದೆ ಅಂತ ಯಾರಿಗೆ ತಿಳಿಯಬೇಕು? ಒಂದು ವೇಳೆ ಏನೂ ಇಲ್ಲದಿದ್ದರೆ? ಈ ಭಯವನ್ನು ಅವನು ಹೆಂಡತಿಯ ಹತ್ತಿರವೂ ಬಾಯಿಬಿಟ್ಟಿರಲಿಲ್ಲ.

ಅಂದು ಸಂಜೆ ಊಟದ ಮೇಜನ್ನು ಒರೆಸಿ, ಮಗಳ ಮುಂದೆ ಬಿಳಿ ಹಾಳೆ ಇಟ್ಟ. "ಶಾಲೆ ಕಲಿಸದಿದ್ರೆ ಬೇಡ. ನಾನೇ ಕಲಿಸ್ತೀನಿ. ನಿಮ್ಮಪ್ಪನ ಬಗ್ಗೆ ಬರಿ."

ಮಗಳು ಹಾಳೆಯನ್ನು ತಿರುಗಿಸಿ ನೋಡಿದಳು. "ಆಪ್ಷನ್ಸ್ ಎಲ್ಲಿ?"

"ಅಪ್ಪನಿಗೆಲ್ಲ ಆಪ್ಷನ್ ಇರುತ್ತೇನೇ?"

ಅವಳು ಪೆನ್ನು ಹಿಡಿದು ಸುಮ್ಮನೆ ಕಾದಳು. ತಮಾಷೆಗಲ್ಲ, ನಿಜವಾಗಿಯೂ ಕಾಯುತ್ತಿದ್ದಳು. ಕೊನೆಗೆ ಅವನೇ ಸೋತು, ಹಾಳೆ ಎಳೆದುಕೊಂಡು ಗೀಚಿದ: ನಿನ್ನ ಅಪ್ಪ, ಎ) ಒಳ್ಳೆಯವನು, ಬಿ) ಮುಂಗೋಪಿ, ಸಿ) ಬಾಯಿಬಡುಕ, ಡಿ) ಮೇಲಿನ ಎಲ್ಲವೂ. ಜೋರಾಗಿ ಓದಿಯೂ ಹೇಳಿದ.

"ಡಿ! ಡಿ!" ಎಂದು ಅಡುಗೆಮನೆಯಿಂದ ಹೆಂಡತಿಯ ದನಿ ಬಂತು.

ಮಗಳು ನಾಲ್ಕನ್ನೂ ಓದಿದಳು. "ಊಹೂಂ. ಯಾವುದೂ ಅಲ್ಲ," ಎಂದಳು.

"ಮತ್ತಿನ್ನೇನು?"

ಹೇಳಲಿಲ್ಲ. ಹಾಳೆ ಮಗುಚಿ ಹಾಕಿ ಬಗ್ಗಿದಳು. ಮೊದಲು ಪೆನ್ನು ತಡವರಿಸಿತು, ಒಂದು ಪದ ಹೊಡೆದುಹಾಕಿತು, ಮತ್ತೆ ನಿಂತಿತು. ಆಮೇಲೆ ನಿಲ್ಲಲೇ ಇಲ್ಲ. ಅವನು ಇಣುಕಲು ಹೋದರೆ ಮೊಣಕೈ ಅಡ್ಡ ಇಟ್ಟಳು. ಮುಗಿದ ಮೇಲೆ ತಾನಾಗಿ ಅವನತ್ತ ತಳ್ಳಿದಳು.

"ಅಪ್ಪ ಯಾವಾಗಲೂ ಮಾತಾಡುತ್ತಾನೆ. ಲಿಫ್ಟ್ ಹತ್ತಿದರೆ ಮಾತ್ರ ಸುಮ್ಮನಾಗುತ್ತಾನೆ. ಎಲ್ಲರೂ ನಂಬರ್ ನೋಡುತ್ತಾರೆ. ಅಪ್ಪ ತಲೆ ಎತ್ತಿ ಮೇಲಿನ ಸದ್ದು ಕೇಳುತ್ತಾನೆ. ಸದ್ದು ಸರಿಯಾಗಿದ್ದರೆ ಹೆಬ್ಬೆರಳಿನಿಂದ ನನ್ನ ಅಂಗೈ ಒತ್ತುತ್ತಾನೆ. ತಾನು ಒತ್ತುತ್ತೇನೆ ಅಂತ ಅವನಿಗೇ ಗೊತ್ತಿಲ್ಲ. ಆಸ್ಪತ್ರೆಯ ಲಿಫ್ಟಿನಲ್ಲಿ ಒಂದು ಸಲ ಒತ್ತಲಿಲ್ಲ. ಸದ್ದು ಸರಿಯಾಗೇ ಇತ್ತು, ನಾನೂ ಕೇಳಿದೆ. ನಾವು ಅಜ್ಜಿಯನ್ನು ಮೇಲೆ ಬಿಟ್ಟು ಕೆಳಗೆ ಬರುತ್ತಿದ್ದೆವು. ಅವಳು ಸತ್ತುಹೋಗಿದ್ದಳು. ಆವತ್ತು ನಾನೇ ಅಪ್ಪನ ಅಂಗೈ ಒತ್ತಿದೆ."

ಮೆಕ್ಯಾನಿಕ್ ಎರಡು ಸಲ ಓದಿದ. ತನ್ನ ಹೆಬ್ಬೆರಳನ್ನು, ಅದು ಬೇರೆ ಯಾರದೋ ಎಂಬಂತೆ, ನೋಡಿಕೊಂಡ. ಅಮ್ಮ ಹೋದ ಆ ದಿನದಿಂದ ಅವನ ನೆನಪಿನಲ್ಲಿ ಉಳಿದಿದ್ದು ಬರೀ ಗದ್ದಲ, ಓಡಾಟ, ಸಹಿ. ಯಾರ ಕೈ ಯಾರು ಹಿಡಿದಿದ್ದರೋ ಯಾರಿಗೆ ಗೊತ್ತು! ಆ ಗದ್ದಲದ ನಡುವೆ ತನ್ನ ಸೊಂಟದೆತ್ತರಕ್ಕೂ ಬಾರದ ಒಂದು ಜೀವ ಇದನ್ನೆಲ್ಲ ನೋಡಿ, ಕೇಳಿ, ಇಷ್ಟು ವರ್ಷ ಚೂರೂ ಚೆಲ್ಲದ ಹಾಗೆ ಕಾಪಾಡಿಕೊಂಡು ಬಂದಿದೆ. ಅವನಿಗೆ ಮೈ ಜುಮ್ಮೆಂದಿತು. ಹೆಮ್ಮೆ ಅನ್ನೋಣವೆಂದರೆ ಅದು ಹೆಮ್ಮೆಗಿಂತ ದೊಡ್ಡದಾಗಿತ್ತು, ಅದರಲ್ಲಿ ಸ್ವಲ್ಪ ಹೆದರಿಕೆಯೂ ಇತ್ತು. ಹಿರಿಯರು ಒಳಗೆ ಬಂದಾಗ ಎದ್ದು ನಿಲ್ಲುತ್ತೇವಲ್ಲ, ಹಾಗೆ ಈ ಹುಡುಗಿಯ ಮುಂದೆ ಎದ್ದು ನಿಲ್ಲಬೇಕು ಅನ್ನಿಸಿತು.

"ಸರಿನಾ, ತಪ್ಪಾ?" ಎಂದಳು ಮಗಳು.

ಅವನು ಏನೋ ಹೇಳಹೋದ, ಆಗಲಿಲ್ಲ. ಮುಖ ಅತ್ತ ತಿರುಗಿಸಿದ.

ಮಗಳು ಒಂದು ಗಳಿಗೆ ಅವನನ್ನೇ ನೋಡಿದಳು. ಆಮೇಲೆ ಹಾಳೆಯನ್ನು ಮೆಲ್ಲಗೆ ತನ್ನತ್ತ ಎಳೆದುಕೊಂಡು, ಇನ್ನೊಂದು ಸಾಲು ಬರೆಯತೊಡಗಿದಳು.