ಹವ್ಯಾಸ: ಅಪಹರಣ, ಪ್ರವಾಸ, ಸಂಗೀತ

ಇದನ್ನು ದಯವಿಟ್ಟು ಬಸ್ಸಿನಲ್ಲಿ ಕೂತು ಓದಬೇಡಿ... ಪಕ್ಕದವರು ಒಂಥರಾ ನೋಡುತ್ತಾರೆ. ಕೊನೆಯಲ್ಲಿ ಕಣ್ಣು ಒದ್ದೆಯಾದರೆ ನನ್ನನ್ನು ಬೈಯಬೇಡಿ.

ನಮ್ಮ ದಾವಣಗೆರೆಯ ಬಡಾವಣೆಯಲ್ಲಿ ರಾಜ್ಯೋತ್ಸವ. ಸನ್ಮಾನಕ್ಕೆ ಕರೆಸಿದ್ದು ಧಾರಾವಾಹಿಗಳ ಹೆಸರಾಂತ ವಿಲನ್ ರುದ್ರಮುನಿ ಅವರನ್ನು.

ಬೋಳು ತಲೆ, ಪೊದೆ ಹುಬ್ಬು, ಕೆಂಪು ಕಣ್ಣು... ಮಕ್ಕಳು ಊಟ ಮಾಡದಿದ್ದರೆ ಈ ಮುಖ ತೋರಿಸಿದರೆ ಸಾಕು.

ಸ್ಟೇಷನ್ನಿನಿಂದ ಅವರನ್ನೂ ಅವರ ಹೆಂಡತಿಯನ್ನೂ ಕಾರಿನಲ್ಲಿ ಕರೆತಂದವನು ನಾನೇ. ದಾರಿಯಲ್ಲಿ ಬೆಣ್ಣೆದೋಸೆ ತಿನ್ನಿಸೋಣ ಅಂತ ಹೋಟೆಲಿಗೆ ಹೋದರೆ, ಒಬ್ಬ ಅಜ್ಜಿ ಎದ್ದು ಬಂದೇಬಿಟ್ಟಳು.

"ಆ ಬಸುರಿ ಹುಡುಗೀನ ಮಹಡಿಯಿಂದ ತಳ್ಳಿದ್ಯಲ್ಲೋ... ನಿನ್ ಕೈ ಸೇದ್ಹೋಗ!"

ಪಾಪ, ಮನುಷ್ಯ ಕೈ ಮುಗಿದರು. ದೋಸೆ ಅರ್ಧಕ್ಕೇ ಬಿಟ್ಟರು.

ಕಾರು ಹತ್ತಿದ ಮೇಲೆ ಮೆಲ್ಲಗೆ ಹೇಳಿದರು... "ಸಾರ್, ನಾನು ಈ ಫೀಲ್ಡಿಗೆ ಬಂದಿದ್ದೇ ಕಾಮಿಡಿ ಮಾಡೋಕೆ. ಮುಖ ನೋಡಿದ ತಕ್ಷಣ ಎಲ್ರೂ ಕೈಗೆ ಮಚ್ಚು ಕೊಡ್ತಾರೆ. ಒಂದೇ ಒಂದ್ಸಲ ತುಂಬಿದ ಸಭೆ ನನ್ನಿಂದ ನಗೋದನ್ನ ಕೇಳ್ಬೇಕು ಅಂತ ಆಸೆ. ಮಂಡಿ ಕೈಕೊಟ್ಟಿದೆ, ಇದೇ ನನ್ನ ಕೊನೇ ಸ್ಟೇಜು. ಇವತ್ತು ಒಂದೈದು ನಿಮಿಷ ಕೊಡಿಸ್ತೀರಾ?"

ಪೆಂಡಾಲಿಗೆ ಬಂದು ಕೇಳಿದರೆ, ನಮ್ಮ ಬಡಾವಣೆ ಸಂಘದ ಕಾರ್ಯದರ್ಶಿ ಹಾಲೇಶಣ್ಣ ಒಪ್ಪಬೇಕಲ್ಲ!

"ಏನ್ರಿ ಸಾರ್ ನೀವು, ಜನ ಬಂದಿರೋದೇ ನಿಮ್ ಕೈಲಿ ಬೈಸ್ಕೊಳ್ಳೋಕೆ! ಒಂದು ಖಡಕ್ ಡೈಲಾಗ್ ಹೊಡೀರಿ, ಶಾಲು ಹಾಕಿಸ್ಕೊಳ್ರಿ, ಸಾಕು."

ರುದ್ರಮುನಿಯವರ ಮುಖ ಸಪ್ಪಗಾಯಿತು. ಆ ಮುಖ ಸಪ್ಪಗಾದರೆ ಇನ್ನೂ ಭಯಂಕರವಾಗಿ ಕಾಣುತ್ತದೆ, ಏನು ಮಾಡುವುದು...

ಈಗ ಸನ್ಮಾನ ಪತ್ರದ ವಿಷಯಕ್ಕೆ ಬರುತ್ತೇನೆ. ಚಿನ್ನದ ಬಣ್ಣದ ಫ್ರೇಮು, ಮೂಲೆಯಲ್ಲಿ ಭುವನೇಶ್ವರಿ. ಇದನ್ನು ಎಲ್ಲಾ ಊರಲ್ಲೂ ಕೊಡುತ್ತಾರೆ, ಯಾವ ಊರಲ್ಲೂ ಮೊದಲೇ ಓದಿ ನೋಡುವುದಿಲ್ಲ.

ಬರೆಯುವ ಜವಾಬ್ದಾರಿ ಹಾಲೇಶಣ್ಣನದು. ಪುಣ್ಯಾತ್ಮ ಏನು ಮಾಡಿದ್ದ ಗೊತ್ತಾ? ನೆಟ್ಟಿನಲ್ಲಿ ಯಾವುದೋ ವೆಬ್‌ಸೈಟು ಹಾಕಿದ್ದ 'ನಟ ರುದ್ರಮುನಿ ಜೀವನಚರಿತ್ರೆ'ಯನ್ನು ಇದ್ದ ಹಾಗೇ ಕಾಪಿ ಮಾಡಿ ಪ್ರಿಂಟಿಗೆ ಕಳಿಸಿದ್ದ!

ಓದಲು ನಿಂತವರು ಹೈಸ್ಕೂಲಿನ ವಿಶಾಲಾಕ್ಷಿ ಮೇಡಂ. ಪ್ರಾರ್ಥನೆಯನ್ನೂ ಫೇಲಾದವರ ಹೆಸರನ್ನೂ ಒಂದೇ ಗಂಭೀರ ಧ್ವನಿಯಲ್ಲಿ ಓದುವವರು.

"ರುದ್ರಮುನಿ ಯಾರು? ರುದ್ರಮುನಿ ಅವರು ರುದ್ರಮುನಿ ಎಂದೇ ಪ್ರಸಿದ್ಧರಾದ ರುದ್ರಮುನಿ. ಅವರು ಬಹಳ ಚಿಕ್ಕ ವಯಸ್ಸಿನಲ್ಲೇ ಜನಿಸಿದರು..."

ಸಭೆ ಕಿವಿ ನೆಟ್ಟಗೆ ಮಾಡಿಕೊಂಡಿತು.

"ಇವರ ಕೂದಲಿನ ಬಣ್ಣ ದಟ್ಟ ಕಪ್ಪು. ಇವರು ಹಲವಾರು ಧಾರಾವಾಹಿಗಳಲ್ಲಿ ನಿಧನ ಹೊಂದಿದ್ದು, ಪ್ರತಿ ನಿಧನಕ್ಕೂ ಅಭಿಮಾನಿಗಳು ಹರ್ಷ ವ್ಯಕ್ತಪಡಿಸಿದ್ದಾರೆ. ಹವ್ಯಾಸಗಳು... ಅಪಹರಣ, ಪ್ರವಾಸ ಮತ್ತು ಸಂಗೀತ ಕೇಳುವುದು."

ಜನ ತುಟಿ ಕಚ್ಚಿಕೊಂಡು ಕೂತಿದ್ದಾರೆ. ಹಾಲೇಶಣ್ಣ ಬೆವತು ನೀರಾಗಿದ್ದಾನೆ. ಮೇಡಂ ಮಾತ್ರ ನಿಲ್ಲಿಸುವವರಲ್ಲ...

"ಇವರ ಪತ್ನಿಯ ಹೆಸರು ಲಭ್ಯವಿಲ್ಲ. ಅಭಿಮಾನಿಗಳು ಚಿಂತಿಸಬೇಕಾಗಿಲ್ಲ, ಶೀಘ್ರದಲ್ಲೇ ಅಪ್‌ಡೇಟ್ ಮಾಡಲಾಗುವುದು!"

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಪತ್ನಿ ಮೊದಲ ಸಾಲಿನಲ್ಲೇ ಮಡಿಲಲ್ಲಿ ಹಣ್ಣಿನ ಬುಟ್ಟಿ ಇಟ್ಟುಕೊಂಡು ಕೂತಿದ್ದರು. ಕೊನೆಯ ಸ್ಟೇಜು ಅಂತ ಬಂದವರಿಗೆ ನಾವು ಇಂಥ ಅವಮಾನ ಮಾಡಿಬಿಟ್ಟೆವಲ್ಲ...

ರುದ್ರಮುನಿ ಕುರ್ಚಿಯಿಂದ ಎದ್ದರು. ಅದೇ ಹುಬ್ಬು, ಅದೇ ಕಣ್ಣು... ಕುಂಟುತ್ತಾ ನೇರವಾಗಿ ಮೈಕಿನ ಹತ್ತಿರ ಬಂದರು.

"ಮೇಡಂ... ಆ ಹವ್ಯಾಸ ಇನ್ನೊಂದ್ಸಲ ಓದಿ."

ಮೇಡಂ ಮತ್ತೆ ಓದಿದರು. ರುದ್ರಮುನಿ ಕೈಯನ್ನೇ ಫೋನ್ ಮಾಡಿಕೊಂಡು ಕಿವಿಗಿಟ್ಟರು...

"ಹಲೋ, ಊಟಕ್ಕೆ ಕಾಯ್ಬೇಡ ಕಣೇ. ಇಲ್ಲೊಂದು ಸಣ್ಣ ಅಪಹರಣ ಇದೆ. ಮುಗಿಸ್ಕೊಂಡು ಹಾಗೇ ಪ್ರವಾಸ ಹೋಗಿ, ಸಂಗೀತ ಕೇಳ್ಕೊಂಡು ಬರ್ತೀನಿ. ಏನು? ಬರ್ತಾ ಕೊತ್ತಂಬರಿ ಸೊಪ್ಪಾ? ಆಯ್ತಮ್ಮಾ... ಅಪಹರಿಸ್ಕೊಂಡೇ ಬರ್ತೀನಿ!"

ಅಯ್ಯಪ್ಪಾ, ಆ ನಗು! ಪೆಂಡಾಲ್ ಕಿತ್ತು ಹೋಗುತ್ತದೇನೋ ಅನ್ನಿಸಿತು.

ಮೇಡಂ ಒಂದೊಂದೇ ಸಾಲು ಓದುವುದು, ಇವರು ಆಡಿ ತೋರಿಸುವುದು. ಇಲ್ಲದ ದಟ್ಟ ಕಪ್ಪು ಕೂದಲನ್ನು ಬಾಚಿಕೊಂಡರು. ಸತ್ತರು... ಒಂದು ಕಣ್ಣು ತೆರೆದು ಅಭಿಮಾನಿಗಳಿಗೆ ಹರ್ಷವಾಯಿತಾ ಅಂತ ನೋಡಿದರು. ಆಮೇಲೆ ಇನ್ನೊಂದು ಸಲ ಸತ್ತರು!

ಕೊನೆಗೆ ಕೈ ಚಾಚಿ ಕರೆದರು... "ಲಭ್ಯವಿಲ್ಲದವರೇ, ಸ್ವಲ್ಪ ಮೇಲೆ ಬನ್ನಿ!"

ಆಯಮ್ಮ ಸೆರಗು ಹೊದ್ದುಕೊಂಡು ಮೈಕಿನ ಮುಂದೆ ನಿಂತರು. ಸಭೆ ಇನ್ನೂ ನಗುತ್ತಲೇ ಇತ್ತು.

"ನನ್ನ ಹೆಸರು ಅನ್ನಪೂರ್ಣ, ಬರ್ಕೊಳ್ರಪ್ಪಾ. ಮದ್ವೆ ಆದಾಗಿಂದ ಇವ್ರ ಜೋಕಿಗೆ ನಾನೊಬ್ಬಳೇ ನಗ್ತಿದ್ದೆ. ಹುಷಾರಿಲ್ದಾಗ್ಲೂ ನಕ್ಕಿದೀನಿ. ನಾನೂ ನಗದೇ ಹೋದ್ರೆ ಈ ಮನುಷ್ಯನಿಗೆ ಇನ್ಯಾರಿದಾರೆ ಅಂತ... ಇವತ್ತು ಇಷ್ಟು ಜನ ನಕ್ರಲ್ಲ..."

ಊರಿಗೆಲ್ಲ ವಿಲನ್ ಆಗಿದ್ದ ಆ ಮನುಷ್ಯ ಹೆಂಡತಿಯ ಹೆಗಲಿಗೆ ಮುಖ ಒತ್ತಿ ಬಿಕ್ಕಿಬಿಕ್ಕಿ ಅತ್ತುಬಿಟ್ಟರು. ನಕ್ಕೂ ನಕ್ಕೂ ಸುಸ್ತಾಗಿದ್ದ ನಾವೆಲ್ಲ ಎದ್ದು ನಿಂತೆವು.

ಹಾಲೇಶಣ್ಣ ಓಡಿ ಹೋಗಿ ಕಾಲಿಗೆ ಬಿದ್ದ. "ತಪ್ಪಾತ್ರಿ ಸಾರ್, ಆ ಫ್ರೇಮ್ ಕೊಡ್ರಿ, ಬೇರೆ ಬರೆಸಿ ಕೊರಿಯರ್ ಮಾಡ್ತೀನಿ."

ರುದ್ರಮುನಿ ಫ್ರೇಮನ್ನು ಎದೆಗೆ ಅವಚಿಕೊಂಡು ಗುಡುಗಿದರು... "ಮುಟ್ಟಿದ್ರೆ ಕೈ ಮುರೀತೀನಿ!"

ಆ ಡೈಲಾಗಿಗೂ ಜನ ಹೊಟ್ಟೆ ಹಿಡಿದುಕೊಂಡು ನಕ್ಕರು.

*ಯಾರೋ ನಿಮ್ಮ ಬಗ್ಗೆ ಏನೇನೋ ಬರೆದರೆ ಕುಗ್ಗಬೇಡಿ... ಎದ್ದು ಮೈಕಿನ ಹತ್ತಿರ ಹೋಗಿ.*

ಅದಿರಲಿ... ಯಾರೂ ನಗದಿದ್ದಾಗ ನಿಮ್ಮ ಜೋಕಿಗೆ ನಕ್ಕವರು ಒಬ್ಬರಿದ್ದಾರಲ್ಲ, ಅವರ ಹೆಸರನ್ನು ಯಾವತ್ತಾದರೂ ನಾಲ್ಕು ಜನರ ಮುಂದೆ ಹೇಳಿದ್ದೀರಾ?